ಯಾರ ಮಗ ಎಂದು ಕೇಳುವ ಬಾಗಿಲು

ಶುಪ್ಪಾತ್ ಪಟ್ಟಣ,
ಶಬಾಟು ತಿಂಗಳ ಹನ್ನೊಂದು,
ದೊಡ್ಡ ಕಾಲುವೆಯ ಹೂಳು ತೆಗೆದ ಮರುವರ್ಷ

ಸಿಪ್ಪರ್ ನಗರದ ದೇವಸೊಸೆಯರ ಕೇರಿಯಲ್ಲಿರುವ ಬೇಲ್ತಾನಿಗೆ ಉಬಾರು ಹೇಳುವ ಮಾತು.

ನಿನ್ನ ಮಾವನಾದ ಸೂರ್ಯದೇವ ಶಮಶ್ ನಿನ್ನನ್ನು ಸುಖವಾಗಿಟ್ಟಿರಲಿ. ನಮ್ಮೂರ ಚಂದ್ರದೇವ ಸಿನ್ ಕೂಡ ಎಂದು ಸೇರಿಸುವುದು ವಾಡಿಕೆ. ಈ ಸಲ ಆ ಹೆಸರು ಬರೆಯಲು ಹೋದರೆ ಕಡ್ಡಿ ಹಸಿಮಣ್ಣಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಕಾರಣ ಹೇಳುತ್ತೇನೆ, ಕೂತು ಓದು.

ನಿನ್ನೆ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಡಂಗುರ ಹೊಡೆದರು. "ಕೇಳ್ರಪ್ಪೋ ಕೇಳಿ! ಅರಸರಾದ ಇಪ್ಕುಶ ಮನುಷ್ಯರ ಮಗ ಅಲ್ಲ, ಚಂದ್ರದೇವ ಸಿನ್‌ನ ಸ್ವಂತ ಮಗ! ಇವತ್ತಿನಿಂದ ಅವರಿಗೆ ಬೇರೆ ತಂದೆ ಇಲ್ಲ! ಇದ್ದಾನೆ ಅಂದೋರ ನಾಲಿಗೆ ಉಳಿಯಲ್ಲ!"

ಈರುಳ್ಳಿ ಮಾರುವ ಮುದುಕಿ ಬುಟ್ಟಿ ಇಳಿಸಿ ಕೇಳಿದಳು: "ಹಂಗಾದ್ರೆ ಉಣ್ಣೆ ತರೀಬು ಇಷ್ಟು ವರ್ಷ ಯಾರ ಮೂಗು ಒರೆಸಿದ್ದು? ಚಂದ್ರಂದಾ?"

ನಕ್ಕವರು ತಕ್ಷಣ ಸುತ್ತ ನೋಡಿ ಬಾಯಿ ಮುಚ್ಚಿಕೊಂಡರು. ಬೇಲ್ತಾನಿ, ನಮ್ಮೂರಿನಲ್ಲಿ ನಗು ಹೀಗೆ ಅರ್ಧಕ್ಕೆ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ನಿನ್ನ ಅಣ್ಣ, ನನ್ನ ಗೆಳೆಯ ತರೀಬುವಿನ ಮನೆಗೆ ಓಡಿದೆ. ಅವನು ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದ. "ಏನೋ, ಚಂದ್ರನ ಮಗನನ್ನ ಸಾಕಿದೋನಿಗೆ ನಮಸ್ಕಾರ ಮಾಡೋಕೆ ಬಂದ್ಯಾ?" ಎಂದ. ನನಗೆ ಮೈ ಉರಿಯಿತು. ಅವನಿಗೇನೂ ಆಗಿರಲಿಲ್ಲ, ಆಗಿದ್ದರೂ ತೋರಿಸಲಿಲ್ಲ.

ಹಳೆಯ ಅರಸ ಮಕ್ಕಳಿಲ್ಲದೆ ಸತ್ತಾಗ ಕುರಿಯ ಕರುಳಿನಲ್ಲಿ ಶಕುನ ನೋಡಿ, ಸಭೆ ಸೇರಿಸಿ, ನಿಮ್ಮ ಇಪ್ಕುಶನನ್ನು ಆರಿಸಿದವರು ನಾವು. ಆಗ ಅವನು ಯಾರ ಮಗ ಎಂದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ. ಅರಸರು ದೇವರನ್ನು ತಂದೆ ಎಂದು ಕರೆದುಕೊಳ್ಳುವುದು ಹೊಸದೆಂದು ನಾನು ಹೇಳುತ್ತಿಲ್ಲ. ಹಳೆಯ ಗುಡಿಗಳ ಅಡಿಪಾಯದ ಇಟ್ಟಿಗೆಗಳನ್ನು ನಾನು ಓದಿದ್ದೇನೆ. ಒಂದು ಸಾಲಿನಲ್ಲಿ ದೇವರ ಮಗ ಎಂದಿರುತ್ತದೆ, ಅದರ ಕೆಳಗಿನ ಸಾಲಿನಲ್ಲೇ ಇಂಥವನ ಮಗ ಎಂದು ಹೆತ್ತವನ ಹೆಸರಿರುತ್ತದೆ. ಎರಡೂ ಒಂದೇ ಇಟ್ಟಿಗೆಯ ಮೇಲೆ ಜಗಳವಿಲ್ಲದೆ ಕೂತಿರುತ್ತವೆ. ಜ್ವರ ಬಂದ ಕತ್ತೆ ಹೊಡೆಯುವವನಿಗೆ ಮಂತ್ರ ಹಾಕುವಾಗಲೂ "ತನ್ನ ದೇವರ ಮಗನಾದ ಇವನು" ಎಂದೇ ಕರೆಯುತ್ತೇವಲ್ಲ. ದೇವರು ತಂದೆ ಎಂದರೆ ಕಾಯುವವನು, ಗದರಿಸುವವನು. ಅದಕ್ಕಾಗಿ ಯಾರೂ ಮನೆಯಲ್ಲಿರುವ ಅಪ್ಪನನ್ನು ಬೀದಿಗೆ ಹಾಕಿರಲಿಲ್ಲ.

ಮುಖ್ಯವಾದದ್ದು ಬೇರೆ ಇದೆ. ತರೀಬುವಿಗೆ ಇರುವವನು ಒಬ್ಬನೇ ಮಗ. ಅವನು ಸತ್ತ ಮೇಲೆ ಅಮಾವಾಸ್ಯೆಯ ಸಂಜೆ, ಮನೆಯಡಿಯ ಗೋರಿಗೆ ಇಳಿಯುವ ನೆಲದ ಕೊಳವೆಯಲ್ಲಿ ನೀರು ಹೊಯ್ದು ಹೆಸರು ಕೂಗುವವರು ಯಾರು? ನಿನಗೆ ನೆನಪಿರಬೇಕು, ನಿನ್ನ ತಂದೆಗೆ ನೀರು ಹೊಯ್ಯುವ ಸಂಜೆ ನಾನು ಒಳಗೆ ಕೂತು, ಊರ ಪದ್ಧತಿಯಂತೆ, ಹೊಸ್ತಿಲಲ್ಲಿ ನಿಂತವರನ್ನು "ಯಾರ ಮಗ?" ಎಂದು ಕೇಳುತ್ತಿದ್ದೆ. ಅಲೆಯುವ ಪಿಶಾಚಿಗಳು ಬಂಧುಗಳ ವೇಷದಲ್ಲಿ ಬಂದು ನೀರು ಕುಡಿಯದಿರಲಿ ಎಂದು ಕೇಳುವ ಪ್ರಶ್ನೆ. ಮೊಣಕಾಲೆತ್ತರದ ಇಪ್ಕುಶ ಬೀದಿಯ ಕೊನೆಗೂ ಕೇಳಿಸುವಂತೆ ಕಿರುಚುತ್ತಿದ್ದ: "ತರೀಬು ಮಗ ಇಪ್ಕುಶ!" ಒಮ್ಮೆ ಕೇಳಿದರೆ ಸಾಲದು, ಹೊರಗೆ ಹೋಗಿ ಮತ್ತೆ ಬಂದು ಮತ್ತೆ ಕೇಳಿಸಿಕೊಳ್ಳುತ್ತಿದ್ದ.

ಯಾರಾದರೂ ನಿನ್ನ ಬಳಿ ಬಂದು ಈ ವಿಷಯಕ್ಕೆ ಮುದ್ರೆ ಕೇಳಿದರೆ ಒತ್ತಬೇಡ. ರಕ್ತಸಂಬಂಧದ ಸಾಕ್ಷಿ ಹೇಳಲು ಉಳಿದವಳು ನೀನೊಬ್ಬಳೇ. ಮಣ್ಣಿನ ಹಲಗೆ ತುಂಬಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ.


ಸಿಪ್ಪರ್,
ಅದ್ದಾರು ತಿಂಗಳ ಆರು,
ಸಿಪ್ಪರಿನ ಕೋಟೆಗೋಡೆ ಎತ್ತರಿಸಿದ ವರ್ಷ

ಉಬಾರು ಅಣ್ಣನಿಗೆ ಬೇಲ್ತಾನಿಯ ಮಾತು. ಶಮಶ್ ನಿನಗೆ ಆರೋಗ್ಯ ಕೊಡಲಿ, ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ನಿನ್ನ ಹಲಗೆ ಓದಿ ಮೊದಲು ನಕ್ಕೆ, ಕ್ಷಮಿಸು. ನಾನು ಹಾಕಿದ ಲೆಕ್ಕ ನೋಡು. ಶಮಶ್ ಯಾರು? ಸಿನ್‌ನ ಮಗ. ಇಪ್ಕುಶನೂ ಸಿನ್‌ನ ಮಗನಾದರೆ ಶಮಶ್‌ಗೆ ತಮ್ಮನಾದ. ನಾನು ಶಮಶ್‌ನ ಸೊಸೆ. ಅಲ್ಲಿಗೆ ನಾನು ತೊಟ್ಟಿಲು ತೂಗಿದ ಹುಡುಗ ನನಗೆ ಚಿಕ್ಕಮಾವ! ಮುಂದಿನ ಸಲ ಬಂದರೆ ಮುಸುಕು ಹೊದ್ದು ಕಂಬದ ಮರೆಯಲ್ಲಿ ನಿಲ್ಲಬೇಕೇನೋ. ಪಕ್ಕದ ಮನೆಯ ದೇವಸೊಸೆಗೆ ಇದನ್ನು ಹೇಳಿದೆ. ಅವಳು ನಕ್ಕ ರಭಸಕ್ಕೆ ಕುಡಿಯುತ್ತಿದ್ದ ಬಾರ್ಲಿಗಂಜಿ ಮೂಗಿಗೆ ಏರಿತು.

ದೇವರ ಮನೆಗೆ ಸೇರಿದವಳು ನಾನೂ ಹೌದು. ಇಲ್ಲಿಗೆ ತಂದು ಬಿಟ್ಟ ದಿನ ನನಗೂ ಹೇಳಿದ್ದರು, ಇನ್ನು ನಿನ್ನ ಮನೆ ಇದೇ ಎಂದು. ಅದರಿಂದ ನನ್ನ ಅಪ್ಪ ನನಗೆ ಅಪ್ಪನಲ್ಲದೆ ಹೋಗಲಿಲ್ಲ. ಇವೆಲ್ಲ ಕರೆಯುವ ರೀತಿಗಳು, ಅಣ್ಣ. ನೀನು ಪ್ರತಿ ಮಾತನ್ನೂ ಕರಾರಿನ ಹಾಗೆ ಓದುತ್ತೀಯ. ಶಾಲೆ ಮುಚ್ಚಿದರೂ ನಿನ್ನೊಳಗಿನ ಮೇಷ್ಟ್ರು ಬೆತ್ತ ಕೆಳಗಿಟ್ಟಿಲ್ಲ.

ತರೀಬುವಿನ ಕೆಮ್ಮು ಹೇಗಿದೆ? ಎಳ್ಳೆಣ್ಣೆ ಕಳಿಸಿದ್ದೇನೆ, ಎದೆಗೆ ಹಚ್ಚಲಿ. ವಸಂತದ ಉಣ್ಣೆಯಲ್ಲಿ ನನಗೆ ಒಂದು ಮೂಟೆ ಎತ್ತಿಡಲು ಹೇಳು. ಮೊನ್ನೆ ಶುಪ್ಪಾತಿನಿಂದ ಯಾರೋ ಬಂದಿದ್ದರು, ಉಣ್ಣೆಯ ವಿಷಯವನ್ನೇ ಮಾತಾಡಿಕೊಂಡು ಹೋದರು. ಬೇರೇನಿಲ್ಲ.


ಶುಪ್ಪಾತ್,
ಅಯ್ಯಾರು ತಿಂಗಳ ಇಪ್ಪತ್ತು,
ದೊಡ್ಡ ಕಾಲುವೆಯ ಹೂಳು ತೆಗೆದ ಮೂರನೆಯ ವರ್ಷ

ಶಮಶ್ ದೇವರ ಸೊಸೆಗೆ.

ಹೊಸ ವರ್ಷಕ್ಕೆ ಅರಮನೆ ಇಟ್ಟಿರುವ ಹೆಸರು "ಅರಸನು ತಂದೆ ಸಿನ್‌ನ ಕೈಯಿಂದ ಕಿರೀಟ ಪಡೆದ ವರ್ಷ." ಅದನ್ನು ನಾನು ಬರೆಯುವುದಿಲ್ಲ. ಹೂಳು ತೆಗೆದದ್ದಾದರೂ ನಿಜ, ನಾನು ಕಣ್ಣಾರೆ ನೋಡಿದ್ದೇನೆ.

ಉಣ್ಣೆಯ ವಿಷಯ ಮಾತಾಡಲು ಬಂದವರು ಯಾರೆಂದು ಈಗ ತಿಳಿಯಿತು. ನಿನ್ನೆ ಗುಡಿಯ ಅಂಗಳದಲ್ಲಿ ಹಿರಿಯ ಪೂಜಾರಿ ಒಂದು ಹಲಗೆ ಎತ್ತಿ ಹಿಡಿದು ಓದಿದ: "ಇಪ್ಕುಶ ನನ್ನ ಅಣ್ಣ ತರೀಬುವಿಗೆ ಹುಟ್ಟಿದವನಲ್ಲ. ಸಾಕ್ಷಿ ಬೇಲ್ತಾನಿ, ಅವಳ ಮುದ್ರೆ."

ನಾನು ಎದ್ದು ನಿಂತೆ. ದತ್ತಕದ ಕರಾರುಗಳನ್ನು ಈ ಕೈಯಿಂದಲೇ ಎಷ್ಟೋ ಬರೆದಿದ್ದೇನೆ. ಸಾಕುಮಗ "ನೀನು ನನ್ನ ತಂದೆಯಲ್ಲ" ಎಂದರೆ ಅವನ ತಲೆ ಬೋಳಿಸಿ ಮಾರಬಹುದು ಎಂದು ಪ್ರತಿಯೊಂದರಲ್ಲೂ ಒಂದು ಸಾಲಿರುತ್ತದೆ. "ಸಾಕಿದೋನಿಗೇ ಇಷ್ಟು ಹಕ್ಕಿದ್ರೆ ಹೆತ್ತೋನಿಗೆ ಎಷ್ಟಿರಬೇಕು?" ಎಂದು ಕೇಳಿದೆ.

ಪೂಜಾರಿ ನಕ್ಕ. "ಉಬಾರು ಮೇಷ್ಟ್ರೇ, ನಿಮ್ಮ ಶಾಲೆ ಮುಚ್ಚಿ ಎಷ್ಟು ಕಾಲ ಆಯ್ತು?"

"ಮುಚ್ಚಿದ್ದು ಹಳೇ ಮಾತು. ನೀನು ಅಲ್ಲಿ ಏನೂ ಕಲೀಲಿಲ್ಲ ಅನ್ನೋದು ಮಾತ್ರ ಇವತ್ತೂ ಹೊಸದಾಗೇ ಇದೆ" ಎಂದೆ. ಕಾವಲಿನವರು ನನ್ನ ತೋಳು ಹಿಡಿದರು.

ಆಗ ತರೀಬು ಗುಂಪಿನಿಂದ ಎದ್ದು ಬಂದ. "ಬಿಡ್ರಪ್ಪ ಅವನನ್ನ, ವಯಸ್ಸಾಗಿದೆ" ಎಂದು ನನ್ನನ್ನು ಬಿಡಿಸಿ, ಪೂಜಾರಿಯ ಕೈಯಿಂದ ಹಲಗೆ ಕೇಳಿ ತೆಗೆದುಕೊಂಡ. ಅವನಿಗೆ ಓದು ಬರುವುದಿಲ್ಲವಲ್ಲ. ಬೆರಳಿನಿಂದ ಮುದ್ರೆ ಸವರಿದ. "ನಮ್ಮ ಅವ್ವ ಬೇಲ್ತಾನಿಗೆ ಕೊಟ್ಟ ಮುದ್ರೇನೇ. ಮೂಲೆ ಒಡೆದಿದೆ, ಇಲ್ಲಿ ನೋಡು" ಎಂದು ನನಗೆ ತೋರಿಸಿದ. ಆಮೇಲೆ ಮನೆಗೆ ಹೊರಟ. ದಾರಿಯುದ್ದಕ್ಕೂ ಕೆಮ್ಮುತ್ತಿದ್ದ.

ಎಳ್ಳೆಣ್ಣೆ ಬಂತು. ಕೆಮ್ಮು ಕಡಿಮೆಯಾಗಿಲ್ಲ. ನಾನು ಅದನ್ನು ಇಷ್ಟು ದಿನ ಬರೆಯಲಿಲ್ಲ, ನೀನು ಕಳವಳಪಡುತ್ತೀಯೆಂದು. ಈಗ ಆ ಹೆದರಿಕೆ ನನಗಿಲ್ಲ.

ನಿನಗೆ ಏನು ಕೊಟ್ಟರು? ಮನೆಗೆ ಹೊಸ ಸೂರು ಹಾಕಿಸಿಕೊಟ್ಟರೇ?


ಸಿಪ್ಪರ್,
ಸಿಮಾನು ತಿಂಗಳ ಒಂಬತ್ತು,
ಕೋಟೆಗೋಡೆ ಎತ್ತರಿಸಿದ ಮರುವರ್ಷ

ಉಬಾರು ಅಣ್ಣ,

ಸೂರಿನ ಮಾತು ನನಗೆ ನೋವು ಮಾಡಿತು. ಅದನ್ನು ಪಕ್ಕಕ್ಕಿಡುತ್ತೇನೆ, ಹೊತ್ತಿಲ್ಲ.

ಮುದ್ರೆ ಒತ್ತಿದವಳು ನಾನೇ. ಬಂದವನು ಅರಸನ ದೂತ, ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಅದಕ್ಕೇ ಉಣ್ಣೆ ಎಂದು ಬರೆದೆ. ಈಗ ಪೂಜಾರಿಯೇ ಬಯಲಲ್ಲಿ ಓದಿದ ಮೇಲೆ ಆಣೆ ಮುಗಿಯಿತು.

ನದಿಯ ಕೆಳಗಿನ ದೊಡ್ಡ ಅರಸ ನಮ್ಮ ಹುಡುಗನಿಗೆ ಹೇಳಿ ಕಳಿಸಿದ್ದಾನೆ: ಇನ್ನು ಮುಂದೆ ನನಗೆ ಬರೆಯುವಾಗ "ನಿನ್ನ ಮಗ ಇಪ್ಕುಶ" ಎಂದು ಬರೆ. ಆ ಮಾತಿನ ಅರ್ಥ ಈ ಮಾರುಕಟ್ಟೆಯಲ್ಲಿ ನಾವು ದಿನವೂ ಕಾಣುತ್ತೇವೆ. ಮಗ ಎಂದು ಬರೆದವರ ಊರಿನ ಕಣಜ ತಂದೆಯದು, ಕಾಲುವೆಯ ಬಾಗಿಲು ತಂದೆಯದು, ಗಂಡಸರನ್ನು ಯುದ್ಧಕ್ಕೆ ಕರೆದೊಯ್ಯುವ ಹಕ್ಕೂ ತಂದೆಯದು. ಒಲ್ಲೆ ಎಂದರೆ ದಂಡು ಬರುತ್ತದೆ. ಉಣ್ಣೆ ವ್ಯಾಪಾರಿಯ ಮಗನಿಗೆ ಒಲ್ಲೆ ಎನ್ನಲು ನೆಪವಾದರೂ ಎಲ್ಲಿದೆ? ಚಂದ್ರದೇವನ ಮಗನಿಗೆ ಇದೆ. ದೇವರನ್ನು ತಂದೆ ಎಂದವನಿಗೆ ಇನ್ನೊಬ್ಬ ತಂದೆಯನ್ನು ಹೊರಿಸಲು ದೊಡ್ಡ ಅರಸನೂ ಅಂಜುತ್ತಾನೆ, ಅವನ ಪೂಜಾರಿಗಳೇ ಒಪ್ಪುವುದಿಲ್ಲ. ಆದರೆ ಹೆತ್ತ ತಂದೆ ಊರಲ್ಲಿ ಉಣ್ಣೆ ಹಿಂಜುತ್ತಾ ಕೂತಿದ್ದರೆ ಈ ಮಾತು ನಿಲ್ಲುವುದಿಲ್ಲ. ಅದಕ್ಕೆ ನನ್ನ ಸಾಕ್ಷಿ.

ಮೊದಲ ಸಲ ದೂತನನ್ನು ಬರಿಗೈಯಲ್ಲಿ ಕಳಿಸಿದೆ. ಒಂದು ಸಾಲು ಸೇರಿಸಿದರೆ ಮಾತ್ರ ಒತ್ತುತ್ತೇನೆ ಎಂದೆ. ಆ ಸಾಲು ಹೀಗಿದೆ: "ತರೀಬು ಮಕ್ಕಳಿಲ್ಲದವನಾದ್ದರಿಂದ ಅವನ ಮನೆ, ಮನೆಯ ನೆಲ, ನೆಲದಡಿಯ ಹಿರಿಯರಿಗೆ ಸಲ್ಲುವ ನೀರು, ಇವು ಅವನ ತಂಗಿಗೆ ಸೇರಿದವು." ಎರಡನೆಯ ಸಲ ಬಂದಾಗ ಹಲಗೆಯಲ್ಲಿ ಆ ಸಾಲಿತ್ತು. ಬೇರೆ ಯಾರ ಕೈಯೂ ಅಲ್ಲ, ಇಪ್ಕುಶನದೇ ಕೈ. ಅವನ ಅಕ್ಷರ ಎಡಕ್ಕೆ ವಾಲುತ್ತದೆ, ಕಲಿಸಿದವನು ನೀನು, ನಿನಗೆ ಗೊತ್ತು. ಪೂಜಾರಿ ಅದನ್ನು ಓದಲಿಲ್ಲ ಎಂದರೆ ಆಶ್ಚರ್ಯವಿಲ್ಲ. ನೀನು ಓದದೆ ಬಿಟ್ಟದ್ದೇ ಆಶ್ಚರ್ಯ.

ನನ್ನ ಅಣ್ಣ ಸತ್ತ ಮೇಲೆ ಅಲ್ಲಿ ಬಾಯಾರಿ ಅಲೆಯಬಾರದು. ಅದಕ್ಕಾಗಿ ನಾನು ಸುಳ್ಳಿಗೆ ಮುದ್ರೆ ಒತ್ತಿದೆ. ಕೂಡಲೇ ಹೋಗಿ ಇದನ್ನು ಅವನಿಗೆ ಓದಿ ಹೇಳು. ಮಹಾಪೂರ ಇಳಿಯದೆ ದೋಣಿ ಬಿಡುವುದಿಲ್ಲ ಎನ್ನುತ್ತಿದ್ದಾರೆ. ಕತ್ತೆಯವರನ್ನು ಹುಡುಕುತ್ತಿದ್ದೇನೆ.


ಶುಪ್ಪಾತ್,
ದುಮೂಜಿ ತಿಂಗಳ ಹದಿನೇಳು,
ಹೂಳು ತೆಗೆದ ಮೂರನೆಯ ವರ್ಷ

ತಂಗಿ ಬೇಲ್ತಾನಿಗೆ,

ನಿನ್ನ ಹಲಗೆ ಇವತ್ತು ಬಂತು. ಓದಿ ಹೇಳಲು ತರೀಬು ಇಲ್ಲ. ಹೋದ ವಾರ ತೀರಿಕೊಂಡ.

ಹೇಗೆ ಬರೆಯಲಿ ತಿಳಿಯದೆ ಎರಡು ಹಲಗೆ ಅಳಿಸಿದೆ. ಕೊನೆಯ ದಿನಗಳಲ್ಲಿ ನಾನು ಅಲ್ಲೇ ಇದ್ದೆ. ನಿನ್ನ ಮೇಲೆ ನನಗಿದ್ದ ಸಿಟ್ಟನ್ನು ಅವನ ಮುಂದೆ ಮುಚ್ಚಿಟ್ಟು, "ಅವಳಿಗೆ ಹೆದರಿಕೆ ಆಗಿರ್ಬೇಕು ಕಣೋ" ಎಂದೆ.

"ಬೇಲ್ತಾನಿ ಹೆದರೋದಾ? ಚಿಕ್ಕವಳಿದ್ದಾಗ ಹಾವು ಹಿಡಿದು ನನ್ನ ಹಾಸಿಗೇಲಿ ಬಿಟ್ಟೋಳು" ಎಂದ. "ಏನೋ ಲೆಕ್ಕ ಹಾಕಿರ್ತಾಳೆ, ಬಿಡು."

ಆಮೇಲೆ, ನೀನು ಈಗ ಬರೆದಿರುವುದನ್ನೇ ಅವನು ಅವತ್ತು ಹೇಳಿದ. ಡಂಗುರಕ್ಕೆ ಮುಂಚೆ ಹುಡುಗ ಮನೆಗೆ ಬಂದಿದ್ದನಂತೆ. "'ಅಪ್ಪ, ಆ ದೊಡ್ಡವನಿಗೆ ಅಪ್ಪ ಅನ್ನೋ ಬದಲು ದೇವರಿಗೆ ಅಂತೀನಿ. ಆಮೇಲೆ ನಿನಗೇನು ಅನ್ಲಿ?' ಅಂದ. 'ಏನೂ ಅನ್ಬೇಡ, ಊಟ ಮಾಡು' ಅಂದೆ. ಮಾಡಿದ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ಇಷ್ಟು ದಿನ ಹುಚ್ಚನ ಹಾಗೆ ಕೂಗಾಡಿದ್ನಲ್ಲೋ!"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ದೆ. ಊರಲ್ಲಿ ಒಬ್ಬನಾದ್ರೂ ನನ್ನ ಪರವಾಗಿ ಕೂಗಾಡ್ಲಿ ಅಂತ ಆಸೆ ಇತ್ತು ಕಣೋ" ಎಂದು ನಕ್ಕ. ನಗು ಕೆಮ್ಮಾಯಿತು.

ಇಷ್ಟು ಗಟ್ಟಿಯಾಗಿದ್ದವನು ಒಂದೇ ಒಂದು ಸಲ ಕೈಬಿಟ್ಟ ಮಗುವಿನ ಹಾಗೆ ಕೇಳಿದ: "ನೀನು ಓದಿದೋನು. ಸತ್ತೋರು ಅಲ್ಲಿ ಬರೀ ಧೂಳು ತಿಂತಾರಂತೆ, ಹೌದಾ? ಬೇರೆ ಯಾರು ನೀರು ಹೊಯ್ದರೂ ನಾಲಿಗೆ ಮಾತ್ರ ಒದ್ದೆ ಆಗುತ್ತಂತೆ. ಬಾಯಾರಿಕೆ ಹೋಗ್ಬೇಕಾದ್ರೆ ಮಗನೇ ಹೊಯ್ಬೇಕಂತೆ."

"ಯಾರೋ ಹಾಡು ಕಟ್ಟೋರು ಹೇಳಿದ್ದು, ಸುಳ್ಳು" ಎಂದೆ. ಅವನು ನಂಬಲಿಲ್ಲ.

ಹಿಂಗೋಣೆಯ ನೆಲ ಅಗೆಸಿ ನಿನ್ನ ತಂದೆಯ ಪಕ್ಕದಲ್ಲೇ ಮಲಗಿಸಿದೆ. ನನಗೆ ಆ ಹಕ್ಕಿರಲಿಲ್ಲ. ಈಗ ನಿನ್ನ ಸಾಲಿನಿಂದ ಅದು ಸರಿಯಾಯಿತು. ಅರಮನೆಯಿಂದ ಒಂದು ಟಗರು ಬಂತು, "ಊರಿನ ಹಿರಿಯರೊಬ್ಬರಿಗೆ" ಎಂದು ಹೇಳಿ ಕೊಟ್ಟು ಹೋದರು. ಮಗ ಬರಲಿಲ್ಲ. ಶೋಕಕ್ಕೆ ಬಟ್ಟೆ ಹರಿದುಕೊಳ್ಳಲಿಲ್ಲ. ಕಾರಣ ತಿಳಿದ ಮೇಲೂ ನನಗೆ ಇದನ್ನು ನುಂಗಲಾಗುತ್ತಿಲ್ಲ, ಬೇಲ್ತಾನಿ. ಒಪ್ಪಿಗೆ ಕೊಟ್ಟವನು ಅಪ್ಪ. ಒಪ್ಪಿಗೆ ಸಿಕ್ಕಿತೆಂದು ಸುಮ್ಮನಾಗುವುದು ಮಗನಿಗೆ ಸರಿಯೇ?

ಅಬು ತಿಂಗಳ ಅಮಾವಾಸ್ಯೆಗೆ ನಿನ್ನ ಪರವಾಗಿ ನಾನೇ ನೀರು ಹೊಯ್ಯುತ್ತೇನೆ. ನಾಲಿಗೆಯಾದರೂ ಒದ್ದೆಯಾಗಲಿ.


ಸಿಪ್ಪರ್,
ಅಬು ತಿಂಗಳ ಹದಿನೆಂಟು,
ಕೋಟೆಗೋಡೆ ಎತ್ತರಿಸಿದ ಮರುವರ್ಷ

ಉಬಾರು ಅಣ್ಣ,

ಅತ್ತು ಮುಗಿಸಿದ ಮೇಲೆ ಬರೆಯುತ್ತಿದ್ದೇನೆ. ಹಾವಿನ ಕಥೆ ಅವನಿಗೆ ಕೊನೆಯವರೆಗೂ ನೆನಪಿತ್ತು!

ಈಗ ಗಮನವಿಟ್ಟು ಕೇಳು. ದೊಡ್ಡ ಅರಸನ ರಾಯಭಾರಿ ಇಲ್ಲಿಂದಲೇ ಹಾದು ನಿಮ್ಮೂರಿಗೆ ಹೊರಟಿದ್ದಾನೆ. ಎತ್ತರದ ಉಣ್ಣೆಟೋಪಿಯವನು, ಎಲ್ಲರೊಡನೆ ನಗುನಗುತ್ತಾ ಮಾತಾಡುತ್ತಾನೆ. ಹುಡುಗ ನಿಜಕ್ಕೂ ಯಾರ ಮಗನೆಂದು ಅವನದೇ ಬಾಯಿಂದ ಹೊರಬರಲಿ ಎಂದೇ ಕಾಯಲು ಬರುತ್ತಿರುವವನು.

ಇಪ್ಕುಶ ಅಮಾವಾಸ್ಯೆಗೆ ಬಂದರೂ ಬರಬಹುದು. ಹಲಗೆಯಲ್ಲಿ ಆ ಸಾಲನ್ನು ತಾನೇ ಕೂತು ಬರೆದವನು ಬಾರದಿರಲಾರ. ಬಂದರೆ, ಅಣ್ಣ, ಬಾಗಿಲಲ್ಲಿ ಆ ಪ್ರಶ್ನೆ ಕೇಳಬೇಡ. ಮನೆ ನನ್ನದು, ನಾನು ಹೇಳುತ್ತಿದ್ದೇನೆ. ಬಾಗಿಲು ತೆಗೆದಿಟ್ಟು ಪಕ್ಕಕ್ಕೆ ಕೂತುಬಿಡು.


ಶುಪ್ಪಾತ್,
ಅಬು ತಿಂಗಳ ಮೂವತ್ತು,
ಹೂಳು ತೆಗೆದ ಮೂರನೆಯ ವರ್ಷ

ತಂಗಿ ಬೇಲ್ತಾನಿಗೆ,

ನಿನ್ನಿಂದ ಯಾವ ಸುದ್ದಿಯೂ ಬಂದಿಲ್ಲ. ದಾರಿಯಲ್ಲಿ ಹಲಗೆ ಒಡೆಯಿತೋ ಏನೋ. ನಿನ್ನೆ ಸಂಜೆ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅವನು ಬಂದ. ಇಬ್ಬರು ಕಾವಲಿನವರು ಹಿಂದೆ ನಿಂತಿದ್ದರು, ನೀರಿನ ಹೂಜಿಯನ್ನು ತಾನೇ ಹೊತ್ತಿದ್ದ. ಬೀದಿಯವರೆಲ್ಲ ಮಾಳಿಗೆ ಹತ್ತಿದ್ದರು. ಪಕ್ಕದ ಮಾಳಿಗೆಯಲ್ಲಿ ಎತ್ತರದ ಟೋಪಿಯ ಯಾರೋ ಪರವೂರಿನ ವ್ಯಾಪಾರಿ ಖರ್ಜೂರ ತಿನ್ನುತ್ತಾ ನೋಡುತ್ತಿದ್ದ.

ನಾನು ತರೀಬುವಿನ ಮನೆಯೊಳಗೆ ಕೂತಿದ್ದೆ. ಅವನು ಹೊಸ್ತಿಲಿಗೆ ಬಂದು ನಿಂತ. ನಾನು ಕೇಳಿದೆ: "ಯಾರ ಮಗ?"

"ನಿಮಗೆ ಗೊತ್ತಿಲ್ವಾ ಮಾವ?"

"ನನಗೆ ಗೊತ್ತು. ಬಾಗಿಲಿಗೆ ಗೊತ್ತಾಗ್ಬೇಕು."

ಅವನು ಒಮ್ಮೆ ಮಾಳಿಗೆಯ ಕಡೆ ನೋಡಿದ. ಹೂಜಿಯ ನೀರು ಅಲುಗುವ ಸದ್ದು ನನಗೆ ಕೇಳಿಸುತ್ತಿತ್ತು. ಕೊನೆಗೆ, "ಇದನ್ನ ನೀವೇ ಒಳಗೆ ತಗೊಂಡು ಹೋಗಿ ಹೊಯ್ಯಿರಿ ಮಾವ" ಎಂದ.

"ಹೆಸರು ಹೇಳದೋರ ನೀರು ನಾನು ಮುಟ್ಟಲ್ಲ" ಎಂದೆ.

ಹೂಜಿಯನ್ನು ಹೊಸ್ತಿಲ ಮೇಲಿಟ್ಟು ತಿರುಗಿ ಹೋದ. ನಾನು ನಿನ್ನ ಹೆಸರಿನಲ್ಲಿ ನನ್ನ ನೀರು ಹೊಯ್ದೆ.

ಸರಿಯಾದದ್ದನ್ನೇ ಮಾಡಿದೆ ಎಂದು ರಾತ್ರಿಯೆಲ್ಲ ನನಗೆ ನಾನೇ ಹೇಳಿಕೊಂಡೆ. ಸಭೆಯಲ್ಲಿ ಒಬ್ಬರೂ ಕೇಳದ ಪ್ರಶ್ನೆಯನ್ನು ಈ ಬಾಗಿಲಾದರೂ ಕೇಳಿತು. ಆದರೆ ನಿದ್ದೆ ಬರಲಿಲ್ಲ. ಅವನ ಹೂಜಿ ಇನ್ನೂ ಹೊಸ್ತಿಲ ಮೇಲೇ ಇದೆ. ಸತ್ತವರಿಗೆಂದು ತಂದ ನೀರನ್ನು ಯಾರೂ ಮುಟ್ಟುವಂತಿಲ್ಲ, ದಾಟಿ ಓಡಾಡುತ್ತಿದ್ದೇವೆ. ಬೆಳಿಗ್ಗೆ ಒಂದು ಗುಬ್ಬಚ್ಚಿ ಬಂದು ಕುಡಿದು ಹೋಯಿತು. ಅದನ್ನು ಯಾರ ಮಗ ಎಂದು ಕೇಳಲು ನನಗೆ ನಾಲಿಗೆ ಬರಲಿಲ್ಲ.


ಸಿಪ್ಪರ್,
ಎಲೂಲು ತಿಂಗಳ ಹನ್ನೆರಡು,
ಕೋಟೆಗೋಡೆ ಎತ್ತರಿಸಿದ ಮರುವರ್ಷ

ಅಣ್ಣ,

ಕೇಳಿಯೇಬಿಟ್ಟೆಯಾ.

ನನ್ನ ಹಲಗೆ ಈಗಾಗಲೇ ನಿನ್ನ ಕೈ ಸೇರಿರಬೇಕು. ಆ ಟೋಪಿಯವನು ಯಾರೆಂದು ತಿಳಿದಿರಬೇಕು. ಹುಡುಗ ಅವತ್ತು ನಿನ್ನ ಬಾಗಿಲಲ್ಲಿ "ತರೀಬು ಮಗ" ಎಂದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಕಾಲುವೆಯ ಬಾಗಿಲಲ್ಲಿ ಬೇರೆಯವರ ದಂಡು ನಿಂತಿರುತ್ತಿತ್ತು. "ಸಿನ್ ಮಗ" ಎಂದಿದ್ದರೆ ಅಪ್ಪನ ಗೋರಿಯ ಮೇಲೆ ನಿಂತು ಅಪ್ಪನನ್ನು ಅಲ್ಲಗಳೆದಂತಾಗುತ್ತಿತ್ತು. ಎರಡನ್ನೂ ಹೇಳದೆ ನೀರು ಹೊತ್ತು ಬಂದವನನ್ನು ನೀನು ಹಿಂದಕ್ಕೆ ಕಳಿಸಿದೆ.

ನಿನ್ನನ್ನು ಬೈಯುವ ಶಕ್ತಿ ನನಗಿಲ್ಲ. ನಾನೂ ಸುಳ್ಳು ಹೇಳಿದವಳು, ನೀನು ನಿಜ ಕೇಳಿದವನು. ಇಬ್ಬರ ನಡುವೆ ನನ್ನ ಅಣ್ಣ ಬಾಯಾರಿ ಮಲಗಿದ್ದಾನೆ. ಅಮಾವಾಸ್ಯೆ ಮತ್ತೆ ಬರುತ್ತದೆ. ಬಾಗಿಲು ತೆಗೆದಿಡು. ಆ ಹೂಜಿಯನ್ನು ಅಲ್ಲೇ ಬಿಡು.


ಶುಪ್ಪಾತ್,
ತಶ್ರೀತು ತಿಂಗಳ ಒಂದು,
ಹೂಳು ತೆಗೆದ ಮೂರನೆಯ ವರ್ಷ

ಬೇಲ್ತಾನಿಗೆ ಉಬಾರು ಹೇಳುವ ಮಾತು. ಶಮಶ್ ನಿನ್ನನ್ನು ಕಾಯಲಿ. ಸಿನ್ ಕೂಡ ಕಾಯಲಿ. ಆ ಹೆಸರನ್ನು ಇವತ್ತು ಬರೆದೆ.

ಟೋಪಿಯವನು ಹೋದ ವಾರ ಹೊರಟುಹೋದ. ಅವನ ಚೀಲದಲ್ಲಿದ್ದ ಅರಮನೆಯ ಹಲಗೆಯಲ್ಲಿ ನಮ್ಮ ಹುಡುಗ ದೊಡ್ಡ ಅರಸನನ್ನು "ಸಹೋದರ" ಎಂದು, ಅಂದರೆ ಸರಿಸಮನೆಂದು, ಕರೆದಿದ್ದಾನಂತೆ. ದಂಡು ಬಂದಿಲ್ಲ. ಬರುವುದೇ ಇಲ್ಲ ಎಂದು ಹೇಳಲಾರೆ. ಊರಿನವರು ಧಾನ್ಯವನ್ನು ಮೊದಲಿಗಿಂತ ಆಳದಲ್ಲಿ ಹೂಳುತ್ತಿದ್ದಾರೆ.

ನಿನ್ನೆ ಸಂಜೆ ಬಾಗಿಲು ತೆಗೆದಿಟ್ಟು ಹಿಂಗೋಣೆಯ ಮೂಲೆಯಲ್ಲಿ ಕೂತೆ. ಅವನು ಬರುವ ಖಾತರಿ ಇರಲಿಲ್ಲ. ಬಂದ. ನನ್ನನ್ನು ನಾನು ನಂಬದೆ ಹೊದ್ದ ವಸ್ತ್ರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಸಾಯುವ ಕಾಲದಲ್ಲಿ ಇದೊಂದು ಕಲಿಯಬೇಕಾಯಿತು, ಕೇಳಬೇಕಾದ ಪ್ರಶ್ನೆ ಕೇಳದೆ ಕೂರುವುದು.

ಅವನು ಹೊಸ್ತಿಲಿಗೆ ಬಂದು ನಿಂತ. ನಾನು ಕೇಳಲಿಲ್ಲ. ಒಳಗೆ ಬರುತ್ತಾನೆ ಎಂದು ಕಾದೆ. ಬರಲಿಲ್ಲ. ಹೂಜಿ ಅಲ್ಲೇ ಇತ್ತು, ಬಾಗಿಲು ತೆರೆದೇ ಇತ್ತು, ಅವನು ಹೊರಗೇ ನಿಂತಿದ್ದ. ಆಮೇಲೆ ನನಗೆ ಹೊಳೆಯಿತು, ಬೇಲ್ತಾನಿ: ಅವನು ಪ್ರಶ್ನೆಗೆ ಕಾಯುತ್ತಿದ್ದ. ಕೇಳಿಸಿಕೊಳ್ಳದೆ ಈ ಹೊಸ್ತಿಲು ದಾಟುವುದು ಅವನಿಗೆ ಗೊತ್ತೇ ಇಲ್ಲ. ದಾಟಲು ಕಲಿಸಿದವನು ನಾನೇ ಅಲ್ಲವೇ?

ವಸ್ತ್ರ ಹಲ್ಲಿನಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ.

ಕೊನೆಗೆ ಯಾರೂ ಕೇಳದೆ ಅವನೇ ಹೇಳಿದ. "ತರೀಬು ಮಗ ಇಪ್ಕುಶ." ಬೀದಿಗೆ ಕೇಳಿಸುವಷ್ಟಲ್ಲ. ಬಾಗಿಲಿಗೆ ಕೇಳಿಸುವಷ್ಟು.

ಒಳಗೆ ಬಂದು, ಹೋದ ತಿಂಗಳು ಬಿಟ್ಟುಹೋದ ಹೂಜಿಯನ್ನು ಮೊದಲು ಬಗ್ಗಿಸಿದ, ಈ ತಿಂಗಳ ನೀರನ್ನು ಆಮೇಲೆ. ಕೊಳವೆ ಗುಳುಗುಳು ಎಂದು ಎಷ್ಟೋ ಹೊತ್ತು ಕುಡಿಯಿತು. ಏಳುವಾಗ ನನ್ನ ಬಾಯಲ್ಲಿದ್ದ ಬಟ್ಟೆಯನ್ನು ನೋಡಿ ಅವನಿಗೆ ನಗು ಬಂತು. ತರೀಬುವಿನದೇ ನಗು, ಅರ್ಧ ಕೆಮ್ಮಿನ ಹಾಗೆ.

ಇವತ್ತು ಬೆಳಿಗ್ಗೆ ಡಂಗುರದವನು ಎಂದಿನಂತೆ "ಸಿನ್ ದೇವರ ಸ್ವಂತ ಮಗ" ಎಂದು ಸಾರುತ್ತಾ ಹೋದ. ಎಂದಿನಂತೆ ನನ್ನ ಮೈ ಉರಿಯಿತು. ಈಗಷ್ಟೇ ಸಂಜೆ ಹೊಸ ಚಂದ್ರ ಕಾಣಿಸಿಕೊಂಡ. ದೋಣಿಕಟ್ಟೆಯಲ್ಲಿ ಜನ ಕೈ ಎತ್ತಿ "ಅರಸರ ತಂದೆ ಬಂದ, ಅರಸರ ತಂದೆ ಬಂದ" ಎಂದು ಕೂಗಿದರು. ಅರಸನ ತಂದೆ ನಿನ್ನೆ ಹೊಟ್ಟೆತುಂಬ ನೀರು ಕುಡಿದು ಹಿಂಗೋಣೆಯಲ್ಲಿ ಮಲಗಿದ್ದಾನೆ ಎಂದು ಕೂಗಿ ಹೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿಕೊಂಡು ಮನೆಗೆ ಬಂದು ಇಲ್ಲಿ ಬರೆದೆ, ಎಲ್ಲಾದರೂ ಒಂದು ಕಡೆ ಹೇಳಬೇಕಲ್ಲ.

ಓದಿದ ಮೇಲೆ ಈ ಹಲಗೆಯನ್ನು ನೀರಿಗೆ ಹಾಕು. ಒಡೆದರೆ ಸಾಲದು, ಚೂರು ಸಿಕ್ಕಿದವರು ಜೋಡಿಸಿ ಓದಿಯಾರು. ಪೂರ್ತಿ ಕರಗುವವರೆಗೂ ಪಕ್ಕದಲ್ಲಿ ಕೂತಿರು.